ಸ್ಲೋಪ್ 2 ಬರದಿದ್ದರೆ ಏನಾಯ್ತು?

ಫಿಸಿಕ್ಸ್ ಸೈಕಲ್ ಮುಗಿಸಿದವರಿಗೆಲ್ಲ ಫೋರ್ ಪ್ರೋಬ್ ಪ್ರಯೋಗ ನೆನಪಿರುತ್ತೆ. ಒಂದು ಪುಟ್ಟ ಓವನ್, ಅದರೊಳಗೆ ಜರ್ಮೇನಿಯಂ ಹರಳಿನ ಚೂರು, ಅದರ ಮೇಲೆ ಸಾಲಾಗಿ ಕೂತ ನಾಲ್ಕು ಸೂಜಿ. ಹೊರಗಿನ ಎರಡು ಸೂಜಿಗಳಲ್ಲಿ ಕರೆಂಟ್ ಹರಿಸೋದು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯೋದು. ಚೆನ್ನಾಗಿ ಬಿಸಿ ಮಾಡಿ, ಅದು ತಣ್ಣಗಾಗುತ್ತಾ ಬರುವಾಗ ಐದೈದು ಡಿಗ್ರಿಗೊಂದು ರೀಡಿಂಗ್. ಆಮೇಲೆ ಗ್ರಾಫ್, ಗ್ರಾಫಿನ ಸ್ಲೋಪ್, ಸ್ಲೋಪಿನಿಂದ ಬ್ಯಾಂಡ್ ಗ್ಯಾಪ್. ಉತ್ತರ 0.7 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಬರಬೇಕು ಅಂತ ಪ್ರಯೋಗ ಶುರುವಾಗೋ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತೆ.

ನಮ್ಮ ಬ್ಯಾಚಿನ ನಾಲ್ಕು ಜನಕ್ಕೆ ಬಂದದ್ದು 0.77. ಕ್ಯಾಲ್ಕುಲೇಟರ್ ಮೂರು ಸಲ ಒತ್ತಿ ನೋಡಿದೆವು, ಮೂರು ಸಲವೂ ಅದೇ. ಪಕ್ಕದ ಟೇಬಲ್ಲಿನವರಿಗೆ 0.69 ಬಂದಿತ್ತು. ಹೇಗೆ ಬಂತು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಗಿಲ ಹೊರಗೆ ಮುಂದಿನ ಬ್ಯಾಚ್ ಬ್ಯಾಗ್ ಹಾಕಿಕೊಂಡು ನಿಂತಿತ್ತು. ಎರಡು ರೀಡಿಂಗ್ ಉಜ್ಜಿದೆವು, ಗೆರೆಯನ್ನ ಒಂಚೂರು ಮಲಗಿಸಿದೆವು, 0.71 ಬಂತು. ಸಹಿ ಬಿತ್ತು. ಹತ್ತಕ್ಕೆ ಒಂಬತ್ತು. ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು.

ಇದನ್ನ ಓದಿ ಯಾರೂ ಗಾಬರಿಯಾಗಲ್ಲ ಅಂತ ನಮಗೆ ಗೊತ್ತು. ಇದು ಎಲ್ಲರೂ ಮಾಡೋದೇ. ನಾವೂ ಮರೆತೇಬಿಟ್ಟಿದ್ದೆವು. ಆದರೆ ಈ ಸೆಮ್ಮಿನಲ್ಲಿ ಅದೇ ನಾಲ್ಕು ಜನಕ್ಕೆ ಸೆಮಿನಾರಿಗೆ 'ಸೆಮಿಕಂಡಕ್ಟರ್ ತೆಳು ಪದರಗಳಲ್ಲಿ ಬೈಎಕ್ಸಿಟಾನ್' ಅನ್ನೋ ಟಾಪಿಕ್ ಬಂತು. ಹೆಸರು ಕೇಳಿ ಮೊದಲು ಬೈಕೊಂಡೆವು. ಓದುತ್ತಾ ಹೋದಂತೆ ಅದರ ಫಿಸಿಕ್ಸ್‌ಗಿಂತ ಅದರ ಚರಿತ್ರೆ ನಮ್ಮನ್ನ ಹಿಡಿದುಕೊಂಡಿತು. ಯಾಕಂದ್ರೆ ಆ ಚರಿತ್ರೆ ತುಂಬಾ 'ಬರಬೇಕಾದ ಉತ್ತರ' ಬರದೇ ಇರೋ ಗ್ರಾಫ್‌ಗಳೇ. ಅವನ್ನ ಯಾರೂ ಉಜ್ಜಲಿಲ್ಲ. ಉಜ್ಜಿದ್ದರೆ ಈ ವಿಷಯ ಇಷ್ಟು ದೂರ ಬರ್ತಿರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಲ್ಯಾಬಿನಲ್ಲಿ ಮಾರ್ಕ್ಸ್ ಕೊಡಬೇಕಾದ್ದು ಬಂದ ರೀಡಿಂಗಿಗೆ ಮತ್ತು ಅದು ಯಾಕೆ ಹಾಗೆ ಬಂತು ಅನ್ನೋ ವಿಚಾರಕ್ಕೆ. ಪುಸ್ತಕದ ನಂಬರಿಗೆ ಎಷ್ಟು ಹತ್ತಿರ ಬಂತು ಅನ್ನೋದಕ್ಕೆ ಕೊಡ್ತಾ ಹೋದರೆ ನಾವು ನಾಲ್ಕು ವರ್ಷ ಉಜ್ಜೋದನ್ನೇ ಕಲಿಯೋದು. ಯಾಕೆ ಹೀಗೆ ಹೇಳ್ತಿದ್ದೀವಿ ಅನ್ನೋಕೆ ಬೈಎಕ್ಸಿಟಾನ್ ಕಥೆಯನ್ನ ಹೇಳಲೇಬೇಕು.

ಬ್ಯಾಂಡ್ ಡಯಾಗ್ರಾಮ್ ಎಲ್ಲಿ ನಿಲ್ಲುತ್ತೆ

ನಾವೆಲ್ಲ ಬರೆದ ಚಿತ್ರ ಇದು: ಕೆಳಗೆ ವೇಲೆನ್ಸ್ ಬ್ಯಾಂಡ್, ಮೇಲೆ ಕಂಡಕ್ಷನ್ ಬ್ಯಾಂಡ್, ನಡುವೆ ಖಾಲಿ ಜಾಗ. ಸಾಕಷ್ಟು ಶಕ್ತಿಯ ಫೋಟಾನ್ ಬಂದರೆ ಎಲೆಕ್ಟ್ರಾನ್ ಮೇಲಕ್ಕೆ ಹೋಗುತ್ತೆ, ಕೆಳಗೆ ಹೋಲ್ ಉಳಿಯುತ್ತೆ. ಅಲ್ಲಿಗೆ ಪರೀಕ್ಷೆಯ ಉತ್ತರ ಮುಗಿಯುತ್ತೆ. ಆದರೆ ಎಲೆಕ್ಟ್ರಾನ್‌ದು ಋಣ ಚಾರ್ಜ್, ಹೋಲ್‌ದು ಧನ ಚಾರ್ಜ್. ಒಂದೇ ಹರಳಿನೊಳಗೆ ಹುಟ್ಟಿದ ಇವೆರಡೂ ಒಂದನ್ನೊಂದು ಸೆಳೆಯದೆ ಹೇಗಿರುತ್ತವೆ? ಪಿಯುಸಿಯಲ್ಲಿ ಓದಿದ ಕೂಲಂಬ್ ನಿಯಮ ಇಲ್ಲೇನೂ ರಜೆ ಹಾಕಿರಲ್ಲ.

ಹೀಗೆ ಸೆಳೆತಕ್ಕೆ ಸಿಕ್ಕಿ ಒಂದನ್ನೊಂದು ಸುತ್ತುವ ಎಲೆಕ್ಟ್ರಾನ್-ಹೋಲ್ ಜೋಡಿಗೆ ಎಕ್ಸಿಟಾನ್ ಅಂತ ಹೆಸರು. 1931ರಲ್ಲಿ ಸೋವಿಯತ್ ವಿಜ್ಞಾನಿ ಯಾಕೊವ್ ಫ್ರೆಂಕೆಲ್ ಇದರ ಕಲ್ಪನೆ ಕೊಟ್ಟರು. 1937ರಲ್ಲಿ ಗ್ರೆಗರಿ ವಾನಿಯೆ, ಸೆಮಿಕಂಡಕ್ಟರ್‌ಗಳಿಗೆ ಹೊಂದುವ ಇನ್ನೊಂದು ರೂಪ ಕೊಟ್ಟರು. ಅದು ಥೇಟ್ ಹೈಡ್ರೋಜನ್ ಅಣುವಿನ ಲೆಕ್ಕ: ಪ್ರೋಟಾನ್ ಜಾಗದಲ್ಲಿ ಹೋಲ್. 1950ರ ದಶಕದ ಆರಂಭದಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಗ್ರಾಸ್ ಮತ್ತವರ ಸಂಗಡಿಗರು ಕ್ಯುಪ್ರಸ್ ಆಕ್ಸೈಡ್ ಹರಳಿನ ಮೂಲಕ ಬೆಳಕು ಹಾಯಿಸಿದಾಗ ಹೈಡ್ರೋಜನ್ ಸರಣಿಯಂಥದ್ದೇ ಕಪ್ಪು ಗೆರೆಗಳ ಸಾಲು ಕಂಡಿತು. ಹರಳಿನ ಹೊಟ್ಟೆಯಲ್ಲಿ ಹೈಡ್ರೋಜನ್ನಿನ ನೆರಳು ಕಂಡ ಹಾಗೆ.

ಹಾಗಾದ್ರೆ ನಮ್ಮ ಸಿಲಬಸ್ಸಿನಲ್ಲಿ ಯಾಕೆ ಇದಕ್ಕೆ ಜಾಗವೇ ಇಲ್ಲ? ಕಾರಣ ಸರಳ. ಎಕ್ಸಿಟಾನ್‌ಗೆ ಒಟ್ಟು ಚಾರ್ಜ್ ಸೊನ್ನೆ. ಅದು ಕರೆಂಟ್ ಒಯ್ಯಲ್ಲ. ಡಯೋಡ್, ಟ್ರಾನ್ಸಿಸ್ಟರ್ ಲೆಕ್ಕಕ್ಕೆ ಅದು ಬೇಕಾಗಲ್ಲ. ಜೊತೆಗೆ ಗ್ಯಾಲಿಯಂ ಆರ್ಸೆನೈಡ್‌ನಂಥ ವಸ್ತುವಿನಲ್ಲಿ ಈ ಜೋಡಿಯನ್ನ ಹಿಡಿದಿಡುವ ಶಕ್ತಿ ಬರೀ 4 ಮಿಲಿ ಎಲೆಕ್ಟ್ರಾನ್ ವೋಲ್ಟ್‌ನಷ್ಟು (ಮುಂದೆ ಎಂಇವಿ ಅಂತ ಬರೀತೀವಿ). ನಮ್ಮ ಕೋಣೆಯ ತಾಪಮಾನದ ಕುಲುಕಾಟವೇ ಸುಮಾರು 26 ಎಂಇವಿ. ಆ ಕುಲುಕಾಟಕ್ಕೆ ಜೋಡಿ ಕ್ಷಣದಲ್ಲಿ ಬಿಟ್ಟುಹೋಗುತ್ತೆ. ಕರೆಂಟ್ ಅಳೆಯುವವರಿಗೆ ಕಾಣದ ಈ ಜೋಡಿ ಬೆಳಕು ಅಳೆಯುವವರಿಗೆ ಮಾತ್ರ ಎದ್ದು ಕಾಣುತ್ತೆ.

ಜೋಡಿಗಳ ಜೋಡಿ

ಎಕ್ಸಿಟಾನ್ ಹೈಡ್ರೋಜನ್ ಇದ್ದ ಹಾಗೆ ಅಂದ್ರೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ. ಎರಡು ಹೈಡ್ರೋಜನ್ ಸೇರಿ ಹೈಡ್ರೋಜನ್ ಮಾಲಿಕ್ಯೂಲ್ ಆಗುತ್ತಲ್ಲ, ಎರಡು ಎಕ್ಸಿಟಾನ್ ಸೇರಲ್ವಾ? 1958ರಲ್ಲಿ ಸೋವಿಯತ್ ಒಕ್ಕೂಟದ ಮೊಸ್ಕಾಲೆಂಕೊ, ಅಮೆರಿಕದ ಲ್ಯಾಂಪರ್ಟ್ ಇಬ್ಬರೂ ಬೇರೆ ಬೇರೆಯಾಗಿ 'ಸೇರುತ್ತೆ' ಅಂದರು. ಎರಡು ಎಲೆಕ್ಟ್ರಾನ್, ಎರಡು ಹೋಲ್, ಒಟ್ಟು ನಾಲ್ಕು ಕಣಗಳ ಈ ಕೂಟವೇ ಬೈಎಕ್ಸಿಟಾನ್.

ಇದನ್ನ ಗುರುತು ಹಿಡಿಯೋಕೆ ಬೆಳಕಿನಲ್ಲಿ ಎರಡು ಸುಳಿವು ಇವೆ. ಇವೆರಡನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲನೇದು ಬಣ್ಣ. ಬೈಎಕ್ಸಿಟಾನ್‌ನಲ್ಲಿ ಒಂದು ಎಲೆಕ್ಟ್ರಾನ್-ಹೋಲ್ ಜೋಡಿ ಸೇರಿ ಮಾಯವಾದಾಗ ಒಂದು ಫೋಟಾನ್ ಹೊರಡುತ್ತೆ, ಇನ್ನೊಂದು ಎಕ್ಸಿಟಾನ್ ಉಳಿಯುತ್ತೆ. ಆದರೆ ಮಾಲಿಕ್ಯೂಲ್ ಮುರಿಯೋಕೆ ಒಂದಿಷ್ಟು ಶಕ್ತಿ ಖರ್ಚಾಗಿರುತ್ತೆ. ಅಷ್ಟು ಶಕ್ತಿ ಆ ಫೋಟಾನ್‌ನಲ್ಲಿ ಕಡಿಮೆ. ಹಾಗಾಗಿ ಸ್ಪೆಕ್ಟ್ರಮ್‌ನಲ್ಲಿ ಎಕ್ಸಿಟಾನ್ ಗೆರೆಯ ಪಕ್ಕ, ಕೆಂಪು ಬದಿಗೆ, ಇನ್ನೊಂದು ಗೆರೆ ಬರುತ್ತೆ. ಎರಡರ ನಡುವಿನ ಅಂತರವೇ ಬೈಎಕ್ಸಿಟಾನ್‌ನ ಬಂಧನ ಶಕ್ತಿ.

ಎರಡನೇದು ಸ್ಲೋಪ್. ಲೇಸರ್ ಬೆಳಕನ್ನ ಎರಡು ಪಟ್ಟು ಮಾಡಿದರೆ ಎಕ್ಸಿಟಾನ್‌ಗಳು ಎರಡು ಪಟ್ಟಾಗುತ್ತವೆ. ಆದರೆ ಬೈಎಕ್ಸಿಟಾನ್ ಆಗಬೇಕಾದರೆ ಎರಡು ಎಕ್ಸಿಟಾನ್‌ಗಳು ಎದುರಾಗಬೇಕು. ಕಾಲೇಜ್ ಫೆಸ್ಟಿಗೆ ಬಂದ ಜನ ಎರಡು ಪಟ್ಟಾದರೆ ಇಬ್ಬಿಬ್ಬರು ಎದುರುಬದುರು ಸಿಗೋ ಸಂದರ್ಭ ನಾಲ್ಕು ಪಟ್ಟಾಗುತ್ತೆ. ಇಲ್ಲೂ ಅದೇ ಲೆಕ್ಕ: ಬೈಎಕ್ಸಿಟಾನ್ ಗೆರೆಯ ಪ್ರಕಾಶ ಲೇಸರ್ ಪವರ್‌ನ ವರ್ಗಕ್ಕೆ ತಕ್ಕಂತೆ ಏರಬೇಕು. ಲಾಗ್-ಲಾಗ್ ಗ್ರಾಫ್‌ನಲ್ಲಿ ಎಕ್ಸಿಟಾನ್‌ಗೆ ಸ್ಲೋಪ್ 1, ಬೈಎಕ್ಸಿಟಾನ್‌ಗೆ ಸ್ಲೋಪ್ 2. ಹರಳಿನ ದೋಷಕ್ಕೆ ಸಿಕ್ಕಿಕೊಂಡ ಎಕ್ಸಿಟಾನ್‌ಗಳಾದರೆ ದೋಷದ ಜಾಗಗಳು ತುಂಬಿಹೋಗಿ ಸ್ಲೋಪ್ 1ಕ್ಕಿಂತ ಕೆಳಗಿಳಿಯುತ್ತೆ. ಒಂದೇ ಗ್ರಾಫ್‌ನಲ್ಲಿ ಮೂವರನ್ನೂ ಬೇರೆ ಮಾಡಬಹುದು. ಕಾಗದದ ಮೇಲೆ ನಮ್ಮ ಬ್ಯಾಂಡ್ ಗ್ಯಾಪ್ ಪ್ರಯೋಗದಷ್ಟೇ ಸುಲಭ.

ತೆಳು ಪದರ ಯಾಕೆ ಬೇಕು? ಕ್ಯುಪ್ರಸ್ ಕ್ಲೋರೈಡ್‌ನಂಥ ಕೆಲವು ವಸ್ತುಗಳಲ್ಲಿ ಬೈಎಕ್ಸಿಟಾನ್ ಬಂಧನ ಶಕ್ತಿ 30 ಎಂಇವಿ ಆಸುಪಾಸು ಇದೆ. ಅದಕ್ಕೇ 1960ರ ದಶಕದ ಕೊನೆಯಿಂದ ಅದು ಈ ಕ್ಷೇತ್ರದವರ ಅಚ್ಚುಮೆಚ್ಚು. (2023ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಎಕಿಮೊವ್ 1981ರಲ್ಲಿ ಕ್ವಾಂಟಮ್ ಡಾಟ್ ಕಂಡದ್ದೂ ಗಾಜಿನೊಳಗಿನ ಕ್ಯುಪ್ರಸ್ ಕ್ಲೋರೈಡ್ ಕಣಗಳ ಎಕ್ಸಿಟಾನ್ ಗೆರೆ ಪಕ್ಕಕ್ಕೆ ಸರಿದದ್ದರಲ್ಲೇ.) ಆದರೆ ಗ್ಯಾಲಿಯಂ ಆರ್ಸೆನೈಡ್‌ನಂಥ ಕೆಲಸಕ್ಕೆ ಬರುವ ವಸ್ತುಗಳಲ್ಲಿ ಬಂಧ ಬಹಳ ಸಡಿಲ. 1982ರಲ್ಲಿ ಅದರ ತೆಳು ಕ್ವಾಂಟಮ್ ವೆಲ್ ಪದರಗಳಲ್ಲಿ ಬೈಎಕ್ಸಿಟಾನ್ ಕಂಡಾಗಲೂ ಬಂಧನ ಶಕ್ತಿ ಸುಮಾರು 1 ಎಂಇವಿ ಅಷ್ಟೇ.

ಪದರ ಇನ್ನೂ ತೆಳುವಾಗಿ ಒಂದೇ ಮಾಲಿಕ್ಯೂಲ್ ದಪ್ಪಕ್ಕೆ ಬಂದಾಗ ಆಟ ಬದಲಾಗುತ್ತೆ. ಮಾಲಿಬ್ಡಿನಮ್ ಡೈಸಲ್ಫೈಡ್‌ನ ಒಂದು ಪದರದ ದಪ್ಪ ಸುಮಾರು 0.65 ನ್ಯಾನೋಮೀಟರ್. ಗ್ರ್ಯಾಫೀನ್ ಮಾಡಿದ ಹಾಗೆ ಟೇಪ್ ಅಂಟಿಸಿ ಎಬ್ಬಿಸಿದರೂ ಸಿಗುತ್ತೆ. ಅಷ್ಟು ತೆಳುವಿನಲ್ಲಿ ಎಲೆಕ್ಟ್ರಾನ್, ಹೋಲ್ ಎರಡೂ ಒಂದೇ ಹಾಳೆಯೊಳಗೆ ಸಿಕ್ಕಿಬೀಳುತ್ತವೆ. ಮೇಲಾಗಿ ಅವುಗಳ ನಡುವಿನ ವಿದ್ಯುತ್ ಕ್ಷೇತ್ರದ ಗೆರೆಗಳು ಹಾಳೆಯಿಂದ ಆಚೆ, ಗಾಳಿಯೊಳಗೆ ಹಾದುಹೋಗುತ್ತವೆ. ಅಲ್ಲಿ ಆ ಸೆಳೆತವನ್ನ ಮಂಕಾಗಿಸೋಕೆ ಹರಳಿನ ಅಣುಗಳೇ ಇಲ್ಲ. ಸೆಳೆತ ಜೋರಾಗುತ್ತೆ. 2014ರಲ್ಲಿ ಟಂಗ್‌ಸ್ಟನ್ ಡೈಸಲ್ಫೈಡ್‌ನ ಒಂಟಿ ಪದರದಲ್ಲಿ ಎಕ್ಸಿಟಾನ್ ಬಂಧನ ಶಕ್ತಿ 320 ಎಂಇವಿ ಅಂತ ಅಳೆದರು. ಗ್ಯಾಲಿಯಂ ಆರ್ಸೆನೈಡ್‌ನ 4ಕ್ಕೆ ಹೋಲಿಸಿದರೆ ಎಂಬತ್ತು ಪಟ್ಟು. ಎಕ್ಸಿಟಾನ್ ಇಷ್ಟು ಗಟ್ಟಿಯಾದರೆ ಬೈಎಕ್ಸಿಟಾನ್ ಕೂಡ ಗಟ್ಟಿಯಾಗಿರಬೇಕಲ್ಲ ಅಂತ ಎಲ್ಲರೂ ಹುಡುಕೋಕೆ ಹೊರಟರು.

ಎರಡು ಸಲ ತಪ್ಪಿದ ಗುರುತು

ಮೊದಲ ಕಥೆ ತೆಳು ಪದರಗಳಿಗಿಂತ ಎಷ್ಟೋ ಹಳೆಯದು. ಸಾಲಿಡ್ ಸ್ಟೇಟ್ ಪುಸ್ತಕಗಳಲ್ಲಿ ಹೇನ್ಸ್-ಶಾಕ್ಲಿ ಪ್ರಯೋಗ ಅಂತ ಬರುತ್ತಲ್ಲ, ಅದೇ ಬೆಲ್ ಲ್ಯಾಬ್ಸ್‌ನ ಹೇನ್ಸ್ 1966ರಲ್ಲಿ ತುಂಬಾ ತಣ್ಣಗೆ ಮಾಡಿದ ಸಿಲಿಕಾನ್ ಮೇಲೆ ಜೋರು ಬೆಳಕು ಬಿಟ್ಟಾಗ ಒಂದು ಹೊಸ ಗೆರೆ ಕಂಡರು. ಎಕ್ಸಿಟಾನ್ ಗೆರೆಗಿಂತ ಕಡಿಮೆ ಶಕ್ತಿಯ ಬದಿಗೇ ಇತ್ತು. ಎಕ್ಸಿಟಾನ್ ಮಾಲಿಕ್ಯೂಲ್ ಸಿಕ್ಕಿತು ಅಂತ ಪ್ರಕಟಿಸಿದರು. ಎರಡು ವರ್ಷದಲ್ಲಿ ಮಾಸ್ಕೋದ ಕೆಲ್ದಿಶ್ ಬೇರೆಯದೇ ಮಾತು ಹೇಳಿದರು: ಎಕ್ಸಿಟಾನ್‌ಗಳು ಹೆಚ್ಚಾದಾಗ ಇಬ್ಬಿಬ್ಬರಾಗಿ ನಿಲ್ಲಬೇಕಾಗಿಲ್ಲ, ಹಬೆ ನೀರಾಗೋ ಹಾಗೆ ಎಲ್ಲ ಸೇರಿ ಎಲೆಕ್ಟ್ರಾನ್-ಹೋಲ್ ದ್ರವದ ಹನಿಗಳಾಗಬಹುದು. ಮುಂದಿನ ವರ್ಷಗಳಲ್ಲಿ ಹೇನ್ಸ್ ಕಂಡ ಗೆರೆ ಆ ಹನಿಗಳದ್ದೇ ಅಂತ ಒಪ್ಪಿಗೆಯಾಯಿತು. 1975ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಅಂಥ ಒಂದು ದೊಡ್ಡ ಹನಿಯ ಫೋಟೋವನ್ನೇ ತೆಗೆದರು. ಯಾವ ವಸ್ತುವಿನೊಳಗೆ ಗೊತ್ತಾ? ಜರ್ಮೇನಿಯಂ! ನಮ್ಮ ಲ್ಯಾಬಿನ ಓವನ್ನಿನೊಳಗೆ ಕೂತಿರೋ ಅದೇ ಜರ್ಮೇನಿಯಂ.

ಹೇನ್ಸ್ ಗೆರೆಗೆ ಇಟ್ಟ ಹೆಸರು ತಪ್ಪಾಯಿತು, ಗೆರೆ ತಪ್ಪಾಗಲಿಲ್ಲ. ಅವರು ಅಳೆದದ್ದನ್ನ ಅಳೆದ ಹಾಗೇ ಮುಂದಿಟ್ಟಿದ್ದರಿಂದ ಇನ್ನೊಬ್ಬರು ಅದಕ್ಕೆ ಸರಿಯಾದ ಹೆಸರು ಹುಡುಕೋಕೆ ಆಯ್ತು.

ಎರಡನೇ ಕಥೆ ನಾವು ಹೈಸ್ಕೂಲು ಮೆಟ್ಟಿಲು ಹತ್ತೋ ಮುಂಚಿನದು ಅಷ್ಟೇ. 2015ರಲ್ಲಿ ಟಂಗ್‌ಸ್ಟನ್ ಡೈಸೆಲೆನೈಡ್‌ನ ಒಂಟಿ ಪದರದಲ್ಲಿ ಬೈಎಕ್ಸಿಟಾನ್ ಕಂಡಿತು ಅಂತ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ವರದಿ ಬಂತು. ಬಂಧನ ಶಕ್ತಿ 52 ಎಂಇವಿ. ಕೋಣೆಯ ತಾಪಮಾನದ ಕುಲುಕಾಟದ ಎರಡು ಪಟ್ಟು. ಎಲ್ಲರಿಗೂ ಖುಷಿ. ಆದರೆ ಲೆಕ್ಕ ಮಾಡುವವರು ಒಪ್ಪಲಿಲ್ಲ. ನಾಲ್ಕು ಕಣಗಳ ಸಮಸ್ಯೆಯನ್ನ ಕಂಪ್ಯೂಟರ್‌ನಲ್ಲಿ ಹೆಚ್ಚು ನಿಖರವಾಗಿ ಬಿಡಿಸಿದಾಗ 20ರ ಆಸುಪಾಸು ಬರ್ತಿತ್ತು. ಒಬ್ಬರಲ್ಲ, ಬೇರೆ ಬೇರೆ ಗುಂಪುಗಳಿಗೆ. ಪ್ರಯೋಗ 52, ಲೆಕ್ಕ 20.

ನಮ್ಮ ಲ್ಯಾಬಿನಲ್ಲಾದರೆ ಏನಾಗ್ತಿತ್ತು ಯೋಚಿಸಿ. ಬಲ ಇದ್ದವರ ನಂಬರ್ ಗೆಲ್ತಿತ್ತು, ಇನ್ನೊಬ್ಬರು ರಬ್ಬರ್ ತಗೋತಿದ್ದರು. ಅಲ್ಲಿ ಹಾಗಾಗಲಿಲ್ಲ. ಎರಡು ನಂಬರುಗಳೂ ಮುಖಾಮುಖಿಯಾಗಿ ಮೂರು ವರ್ಷ ನಿಂತವು. ಅಷ್ಟರಲ್ಲಿ ಸ್ಯಾಂಪಲ್‌ಗಳು ಶುದ್ಧವಾದವು. ಒಂಟಿ ಪದರವನ್ನ ಬರೀ ಗಾಜಿನಂಥ ಆಕ್ಸೈಡ್ ಮೇಲೆ ಇಟ್ಟರೆ ಕೆಳಗಿನ ಮೇಲ್ಮೈಯ ಉಬ್ಬುತಗ್ಗು, ಅಲ್ಲಿ ಸಿಕ್ಕಿಕೊಂಡ ಚಾರ್ಜ್ ಎಲ್ಲ ಸೇರಿ ಗೆರೆಯನ್ನ ಹರಡಿಬಿಡುತ್ತವೆ, ಪಕ್ಕಪಕ್ಕದ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಅದನ್ನ ಹೆಕ್ಸಾಗನಲ್ ಬೋರಾನ್ ನೈಟ್ರೈಡ್‌ನ ಎರಡು ಹಾಳೆಗಳ ನಡುವೆ ಇಟ್ಟರೆ ಗೆರೆ ಕೆಲವೇ ಎಂಇವಿ ಅಗಲಕ್ಕೆ ಇಳಿಯುತ್ತೆ. (ಜಪಾನಿನ ತ್ಸುಕುಬಾದಲ್ಲಿ ವತನಾಬೆ, ತನಿಗುಚಿ ಅನ್ನೋ ಇಬ್ಬರು ಬೆಳೆಸಿದ ಬೋರಾನ್ ನೈಟ್ರೈಡ್ ಹರಳುಗಳನ್ನೇ ಪ್ರಪಂಚದ ಎಷ್ಟೋ ಲ್ಯಾಬ್‌ಗಳು ತರಿಸಿಕೊಳ್ಳುತ್ತವೆ.)

2018ರಲ್ಲಿ ಒಂದಲ್ಲ, ಹಲವು ಗುಂಪುಗಳು ಹೆಚ್ಚುಕಡಿಮೆ ಒಟ್ಟಿಗೇ ಇಂಥ ಶುದ್ಧ ಸ್ಯಾಂಪಲ್ ಇಟ್ಟುಕೊಂಡು, ನಮ್ಮ ಇಸಿ ಗೆಳೆಯರಿಗೆ ಚೆನ್ನಾಗಿ ಗೊತ್ತಿರೋ ಒಂದು ಉಪಾಯ ಸೇರಿಸಿದವು: ಗೇಟ್ ವೋಲ್ಟೇಜ್. ಮಾಸ್‌ಫೆಟ್‌ನಲ್ಲಿ ಮಾಡುವ ಹಾಗೇ ಗೇಟ್ ಕೊಟ್ಟು ಪದರದೊಳಗಿನ ಹೆಚ್ಚುವರಿ ಎಲೆಕ್ಟ್ರಾನ್‌ಗಳನ್ನ ಏರಿಸುತ್ತಾ ಇಳಿಸುತ್ತಾ ಹೋದರು. ಆಗ ಹಿಂದೆ ಒಂದೇ ಅಂದುಕೊಂಡಿದ್ದ ಜಾಗದಲ್ಲಿ ಎರಡು ಬೇರೆ ಬೇರೆ ಗೆರೆ ಸಿಕ್ಕವು. ಪದರ ಚಾರ್ಜ್ ಇಲ್ಲದೆ ಇದ್ದಾಗ ಮಾತ್ರ ಕಾಣುವ ಗೆರೆ ಎಕ್ಸಿಟಾನ್‌ಗಿಂತ ಸುಮಾರು 20 ಎಂಇವಿ ಕೆಳಗೆ. ಇದು ನಿಜವಾದ ಬೈಎಕ್ಸಿಟಾನ್. ಎಲೆಕ್ಟ್ರಾನ್ ತುಂಬಿದಾಗ ಕಾಣುವ ಗೆರೆ ಸುಮಾರು 50 ಎಂಇವಿ ಕೆಳಗೆ. ಇದು ಐದು ಕಣಗಳ ಕೂಟ, ಬೈಎಕ್ಸಿಟಾನ್ ಜೊತೆ ಇನ್ನೊಂದು ಎಲೆಕ್ಟ್ರಾನ್ ಅಂಟಿಕೊಂಡದ್ದು. 2015ರಲ್ಲಿ ಕಂಡದ್ದು ಈ ಐದರ ಕೂಟವನ್ನೇ.

720 ನ್ಯಾನೋಮೀಟರ್ ಸುತ್ತಿನ ಕಡುಗೆಂಪು ಬೆಳಕಿನಲ್ಲಿ ಈ ಎರಡು ಗೆರೆಗಳ ನಡುವಿನ ಅಂತರ ಹದಿಮೂರು ನ್ಯಾನೋಮೀಟರ್‌ನಷ್ಟು. ಅಷ್ಟಕ್ಕೆ ಇಷ್ಟು ಗಲಾಟೆಯಾ ಅಂದರೆ, ಹೌದು. ಬೈಎಕ್ಸಿಟಾನ್‌ನಿಂದ ಒಂದರ ಹಿಂದೆ ಒಂದು ಹೊರಡುವ ಎರಡು ಫೋಟಾನ್‌ಗಳನ್ನ ಎಂಟ್ಯಾಂಗಲ್ಡ್ ಜೋಡಿ ಮಾಡಬಹುದು ಅನ್ನೋ ಪ್ರಸ್ತಾಪ 2000ದಲ್ಲೇ ಬಂದಿತ್ತು, 2006ರಲ್ಲಿ ಕ್ವಾಂಟಮ್ ಡಾಟ್‌ಗಳಲ್ಲಿ ಮಾಡಿಯೂ ತೋರಿಸಿದರು. ಅದಕ್ಕೆ ಚಾರ್ಜ್ ಇಲ್ಲದ ನಾಲ್ಕರ ಕೂಟವೇ ಬೇಕು. ಐದರ ಕೂಟದಲ್ಲಿ ಒಂದು ಎಲೆಕ್ಟ್ರಾನ್ ಹಿಂದೆ ಉಳಿದು ಲೆಕ್ಕ ಕೆಡಿಸುತ್ತೆ. ಗೆರೆಯ ಹೆಸರು ತಪ್ಪಿದರೆ ಮೇಲೆ ಕಟ್ಟುವ ಸಾಧನವೂ ತಪ್ಪುತ್ತೆ. ನಾವು ಎಂಜಿನಿಯರ್‌ಗಳಾಗುವವರು, ಈ ಮಾತು ನಮಗೇ ಹೆಚ್ಚು ತಟ್ಟಬೇಕು.

ಬರದ ಎರಡು

ಈಗ ಸ್ಲೋಪ್ ವಿಷಯಕ್ಕೆ ಬರೋಣ. ಥಿಯರಿ 2 ಅನ್ನುತ್ತೆ. ಪ್ರಕಟವಾದ ಪೇಪರ್‌ಗಳನ್ನ ತೆಗೆದು ನೋಡಿದರೆ ಬೈಎಕ್ಸಿಟಾನ್ ಗೆರೆಗಳ ಸ್ಲೋಪ್ ಬಹುಮಟ್ಟಿಗೆ 1.2ರಿಂದ 1.9ರ ನಡುವೆ. ಸೆಮಿನಾರಿಗೆ ಓದುವಾಗ ನಮಗೆ ಮೊದಲು ಬಂದ ಯೋಚನೆ ಏನು ಗೊತ್ತಾ? 'ಇವರಿಗೆ ಮಾರ್ಕ್ಸ್ ಹೇಗೆ ಬಂತು?'

ಆಮೇಲೆ ಕಾರಣ ಓದಿದೆವು. ಸ್ಲೋಪ್ 2 ಬರಬೇಕಾದರೆ ಎಕ್ಸಿಟಾನ್‌ಗಳೂ ಬೈಎಕ್ಸಿಟಾನ್‌ಗಳೂ ಪರಸ್ಪರ ಸಮತೋಲನಕ್ಕೆ ಬರೋಷ್ಟು ಹೊತ್ತು ಇರಬೇಕು. ಅವು ಅಷ್ಟು ಹೊತ್ತು ಬದುಕಲ್ಲ, ಜೋಡಿ ಸಿಗೋ ಮುಂಚೆಯೇ ಎಷ್ಟೋ ಎಕ್ಸಿಟಾನ್‌ಗಳು ಬೆಳಕಾಗಿ ಹೋಗಿರುತ್ತವೆ. ಲೇಸರ್ ಜೋರು ಮಾಡಿದಾಗ ಎರಡು ಎಕ್ಸಿಟಾನ್ ಡಿಕ್ಕಿ ಹೊಡೆದು ಅದರಲ್ಲೊಂದು ಬೆಳಕು ಕೊಡದೆಯೇ ಇಲ್ಲವಾಗೋದೂ ಉಂಟು. ಹಾಗಾಗಿ ಎಕ್ಸಿಟಾನ್‌ಗಳ ಸಂಖ್ಯೆಯೇ ಲೇಸರ್ ಜೊತೆ ಸರಿಸಮನಾಗಿ ಏರಲ್ಲ. ಅಂದ್ರೆ 2ಕ್ಕೆ ಕಡಿಮೆಯಾದ ಪ್ರತಿ ದಶಮಾಂಶದಲ್ಲೂ ಆ ಪದರದೊಳಗೆ ಏನು ನಡೀತಿದೆ ಅನ್ನೋ ಸುದ್ದಿ ಇದೆ. ಆ ಸ್ಲೋಪನ್ನ ಯಾರಾದರೂ 'ಸರಿ ಮಾಡಿ' 1.98 ಅಂತ ಬರೆದಿದ್ದರೆ ಆ ಸುದ್ದಿಯೆಲ್ಲ ಅಲ್ಲೇ ಹೂತುಹೋಗ್ತಿತ್ತು.

ನಮ್ಮ 0.77ಕ್ಕೆ ವಾಪಸ್

ಇಷ್ಟೆಲ್ಲ ಓದಿದ ಮೇಲೆ ನಮ್ಮ ನಾಲ್ಕು ಜನಕ್ಕೂ ಆ ಓವನ್ ನೆನಪಾಯಿತು. ಕೂತು ಸೂತ್ರವನ್ನ ಮತ್ತೆ ಬರೆದೆವು.

ಬ್ಯಾಂಡ್ ಗ್ಯಾಪ್ ಸ್ಥಿರ ಅಂತ ಇಟ್ಟುಕೊಂಡು ನಾವು ಲಾಗ್ ರೆಸಿಸ್ಟಿವಿಟಿಯನ್ನ 1/ಟಿ ಎದುರು ಎಳೀತೀವಿ. ಆದರೆ ಜರ್ಮೇನಿಯಂನ ಗ್ಯಾಪ್ ತಾಪಮಾನ ಏರಿದ ಹಾಗೆ ಇಳಿಯುತ್ತೆ, ನಮ್ಮ ಲ್ಯಾಬಿನ ತಾಪಮಾನಗಳಲ್ಲಿ ಹೆಚ್ಚುಕಡಿಮೆ ನೇರವಾಗಿ. ಆ ನೇರ ಇಳಿಕೆಯನ್ನ ಸೂತ್ರಕ್ಕೆ ಹಾಕಿ ನೋಡಿ. ಟಿ ಜೊತೆ ಬದಲಾಗುವ ಭಾಗ 1/ಟಿ ಜೊತೆ ಹೊಡೆದುಹೋಗಿ ಬರೀ ಕಾನ್‌ಸ್ಟಂಟ್ ಆಗಿಬಿಡುತ್ತೆ, ಸ್ಲೋಪಿಗೆ ಬರೋದೇ ಇಲ್ಲ. ಸ್ಲೋಪ್ ಕೊಡೋದು ಆ ನೇರ ಗೆರೆಯನ್ನ ಸೊನ್ನೆ ಕೆಲ್ವಿನ್‌ವರೆಗೆ ಎಳೆದಾಗ ಸಿಗುವ ಗ್ಯಾಪನ್ನ. ಜರ್ಮೇನಿಯಂಗೆ ಕೋಣೆಯ ತಾಪಮಾನದಲ್ಲಿ ಗ್ಯಾಪ್ ಸುಮಾರು 0.66. ಆದರೆ ಹಾಗೆ ಎಳೆದಾಗ ಸಿಗೋದು ಸುಮಾರು 0.78.

ಅಂದ್ರೆ ನಮ್ಮ 0.77 ಸರಿಯೇ ಇದ್ದಿರಬಹುದು!

'ಇದ್ದಿರಬಹುದು' ಅಂತ ಯಾಕೆ ಬರೀತಿದ್ದೀವಿ ಅಂದ್ರೆ, ಈಗ ಹೇಳೋಕೆ ದಾರಿಯೇ ಇಲ್ಲ. ಥರ್ಮಾಮೀಟರ್ ಸರಿಯಾಗಿ ಕೂತಿರಲಿಲ್ಲವೋ, ಓವನ್ ಬೇಗ ತಣ್ಣಗಾಯಿತೋ, ಅಥವಾ ನಿಜವಾಗಲೂ ಜರ್ಮೇನಿಯಂ ನಮಗೆ ಸತ್ಯ ಹೇಳ್ತಿತ್ತೋ, ಅದನ್ನ ಬೇರೆ ಮಾಡೋಕೆ ಆ ರೀಡಿಂಗ್‌ಗಳೇ ಬೇಕಿತ್ತು. ಅವನ್ನ ನಾವು ಉಜ್ಜಿದ್ದೀವಿ. ರೆಕಾರ್ಡ್ ಪುಟವನ್ನ ಬೆಳಕಿಗೆ ಹಿಡಿದು ನೋಡಿದೆವು, ಪೆನ್ಸಿಲ್ ಗುರುತು ಓದೋಕಾಗಲಿಲ್ಲ.

ಏನು ಮಾಡಬಹುದು

ನಾವು ದೊಡ್ಡದೇನೂ ಕೇಳ್ತಿಲ್ಲ. ಮೂರೇ ವಿಷಯ.

ಒಂದು, ಅಬ್ಸರ್ವೇಶನ್ ಬುಕ್ಕಿನಲ್ಲಿ ಪೆನ್ಸಿಲ್, ರಬ್ಬರ್ ಎರಡೂ ಬೇಡ. ಪೆನ್ನಲ್ಲೇ ಬರೆಯೋಣ. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಬರೆಯೋಣ, ಹೊಡೆದದ್ದು ಓದೋಕೆ ಬರಬೇಕು.

ಎರಡು, ಹತ್ತು ಮಾರ್ಕ್ಸಿನಲ್ಲಿ ಮೂರು 'ಬಂದ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ವ್ಯತ್ಯಾಸ ಯಾಕೆ' ಅನ್ನೋ ಅರ್ಧ ಪುಟಕ್ಕೆ ಇರಲಿ. ಅಲ್ಲಿ 'ಹ್ಯೂಮನ್ ಎರರ್' ಅಂತ ಬರೆದವರಿಗೆ ಸೊನ್ನೆ. ಯಾವ ಮನುಷ್ಯ, ಏನು ತಪ್ಪು, ಅದರಿಂದ ಉತ್ತರ ಮೇಲೆ ಹೋಗುತ್ತೋ ಕೆಳಗೆ ಬರುತ್ತೋ, ಅಷ್ಟನ್ನಾದರೂ ಹೇಳಬೇಕು.

ಮೂರು, ಒಂದೊಂದು ಪ್ರಯೋಗಕ್ಕೂ ಎಲ್ಲ ಬ್ಯಾಚುಗಳ ಉತ್ತರವನ್ನ ಲ್ಯಾಬಿನ ಬೋರ್ಡ್ ಮೇಲೆ ಒಂದೇ ಚಾರ್ಟಿನಲ್ಲಿ ಹಾಕೋಣ. ಎಲ್ಲರಿಗೂ 0.77 ಬರ್ತಿದ್ದರೆ ಅದು ನಮ್ಮ ತಪ್ಪಲ್ಲ ಅಂತ ಆಗಲೇ ಗೊತ್ತಾಗ್ತಿತ್ತು. ಎಲ್ಲರಿಗೂ ಸರಿಯಾಗಿ 0.70 ಬಂದರೆ ಅದೂ ಒಂದು ವಿಷಯ ಹೇಳುತ್ತೆ.

ಇದಕ್ಕೆ ಬರುವ ಮಾತುಗಳೂ ಗೊತ್ತು. 'ಎಕ್ಸ್‌ಟರ್ನಲ್ ಬಂದವರು ರಿಸಲ್ಟ್ ನೋಡ್ತಾರೆ, ಕಥೆ ಓದಲ್ಲ' ಅಂತೀರಿ. ನಿಜ. ಆದರೆ ಇಂಟರ್ನಲ್ ಮಾರ್ಕ್ಸ್ ನಮ್ಮ ಕಾಲೇಜಿನ ಕೈಯಲ್ಲೇ ಇದೆ, ಅಲ್ಲಿಂದ ಶುರು ಮಾಡಬಹುದು. 'ಉತ್ತರ ಮುಖ್ಯ ಅಲ್ಲ ಅಂದ್ರೆ ಸೋಮಾರಿಗಳು ಏನು ಬೇಕಾದರೂ ಬರೀತಾರೆ' ಅಂತಾನೂ ಅನ್ನಬಹುದು. ನಮಗೆ ಅನಿಸೋದು ಉಲ್ಟಾ. ಸೋಮಾರಿಗೆ ಈಗಿನ ಪದ್ಧತಿಯೇ ಸುಲಭ: ಸೀನಿಯರ್ ರೆಕಾರ್ಡಿನ ಫೋಟೋ ವಾಟ್ಸಾಪಿನಲ್ಲಿ ಬಂದಿರುತ್ತೆ, ನೋಡಿ ಬರೆದರೆ ಮುಗೀತು. ತನ್ನದೇ ರೀಡಿಂಗ್ ಯಾಕೆ ಹಾಗೆ ಬಂತು ಅಂತ ಅರ್ಧ ಪುಟ ಬರೆಯೋದು ಅದಕ್ಕಿಂತ ಕಷ್ಟ. ಇನ್ನು ಸಮಯ. ಎರಡು ಗಂಟೆ ಸಾಲಲ್ಲ ಅನ್ನೋದು ಒಪ್ಪತಕ್ಕ ಮಾತು. ಸೆಮ್ಮಿಗೆ ಎರಡು ಪ್ರಯೋಗ ಕಡಿಮೆ ಮಾಡಿ, ಉಳಿದವನ್ನ ಎರಡನೇ ಸಲ ಮಾಡೋಕೆ ಬಿಟ್ಟರೂ ನಮಗೆ ಲಾಭವೇ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡ್ತೀವಿ. ಅವತ್ತು ನಮ್ಮ ಲ್ಯಾಬ್ ಮ್ಯಾಮ್ 'ಉಜ್ಜಿ' ಅಂದಿರಲಿಲ್ಲ. 0.77 ಬಂದಿದೆ, ಯಾಕಿರಬಹುದು ಮ್ಯಾಮ್ ಅಂತ ನಾವು ಕೇಳಲೇ ಇಲ್ಲ. ಕೇಳಿದ್ದರೆ ಅವರು ಬೈದಿರಬಹುದು, ಅಥವಾ ಕುರ್ಚಿ ಎಳೆದುಕೊಂಡು ಕೂತು ಸೂತ್ರ ಬರೆಸಿರಬಹುದು. ಅರವತ್ತು ರೆಕಾರ್ಡಿಗೆ ಸಹಿ ಹಾಕೋ ಒಬ್ಬರಿಂದ ಎಲ್ಲವನ್ನೂ ನಿರೀಕ್ಷಿಸೋದಕ್ಕಿಂತ ಮೊದಲು ನಾವು ಬಾಯಿ ಬಿಡಬೇಕಿತ್ತು. ಸಿಸ್ಟಮ್ ಸರಿ ಇಲ್ಲ ಅಂತ ಬರೆಯೋದು ಸುಲಭ, ಆ ರಬ್ಬರ್ ಹಿಡಿದಿದ್ದ ಕೈ ನಮ್ಮದೇ.

ಹೋದ ವಾರ ಹೋಗಿ ಕೇಳಿದೆವು. ಮ್ಯಾಮ್ ನಕ್ಕು, ಎರಡನೇ ವರ್ಷದವರು ಫಸ್ಟ್ ಇಯರ್ ಪ್ರಯೋಗ ಮತ್ತೆ ಮಾಡ್ತೀವಿ ಅಂತ ಬಂದದ್ದು ಇದೇ ಮೊದಲು ಅಂದರು. ಶನಿವಾರ ಮಧ್ಯಾಹ್ನ ಲ್ಯಾಬ್ ತೆಗೆಸಿಕೊಡ್ತೀನಿ ಅಂದಿದ್ದಾರೆ. ಈ ಸಲ ಮೂರು ಸಲ ಬಿಸಿ ಮಾಡಿ ಮೂರು ಸಲ ತಣಿಸಿ ರೀಡಿಂಗ್ ತಗೋತೀವಿ, ಪೆನ್ನಲ್ಲೇ. ಮೊದಲನೇ ವರ್ಷದಲ್ಲಿ ನಿಮಗೂ 0.7 ಬರದೇ ಇದ್ದು, ಆ ರೀಡಿಂಗ್ ಉಜ್ಜದೆ ಇಟ್ಟುಕೊಂಡಿದ್ದರೆ ಅಬ್ಸರ್ವೇಶನ್ ಬುಕ್ ತಗೊಂಡು ಬನ್ನಿ. ಬೋರ್ಡ್ ಮೇಲಿನ ಚಾರ್ಟಿಗೆ ಮೊದಲ ಚುಕ್ಕೆಗಳು ಬೇಕು. ಏನು ಬಂತು ಅಂತ ಮುಂದಿನ ಸಂಚಿಕೆಯಲ್ಲಿ ಬರೀತೀವಿ, ಎಷ್ಟೇ ಬಂದರೂ.